ಒಕ್ಕಣ್ಣಿನ ಗೂಬೆ

ಬೀದಿಯವರೆಲ್ಲ ಅವಳನ್ನು ಅಳತೆಗೋಲು ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಅವಳಿಗೆ ಬೇಸರವೇನಿಲ್ಲ; ಒಳಗೊಳಗೇ ಹೆಮ್ಮೆಯೇ ಇತ್ತು ಅನ್ನಿ. ಬಾಗಿಲು ಕಿರುಗುಟ್ಟಿದರೆ ಎಣ್ಣೆ ಬಿಡುವ ಮೊದಲು ಸಂದು ಎಷ್ಟಿದೆ ಎಂದು ಅಳೆಯುವ ಜಾತಿ ಅವಳದು. ಮದುವೆಗೆ ಗೊತ್ತಾಗಿದ್ದ ಗಂಡಿನ ಭುಜ ಅಳೆದು, ಎಡಕ್ಕೆ ಅರ್ಧ ಇಂಚು ಇಳಿದಿದೆ ಎಂದು ಬೇಡವೆಂದಳಂತೆ. ಇದು ಅವಳ ಸೋದರತ್ತೆ ಹಬ್ಬಿಸಿದ ಸುಳ್ಳು, ಆದರೆ ನಂಬದವರು ಯಾರೂ ಇಲ್ಲ.

ಅಪ್ಪ ಮಗಳು ಸೇರಿ ನಡೆಸುತ್ತಿದ್ದ ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ, ಲೋಹ ಕಡೆಯುವ ಎರಡು ಲೇತು, ಹಿಂದೆ ಕತ್ತಲೆಯ ಒಂದು ಗೂಡು. ಅಲ್ಲಿ ತಯಾರಾಗುತ್ತಿದ್ದದ್ದು ಒಂದೇ ಮಾಲು. ಆಸ್ಪತ್ರೆ, ಹಾಸ್ಟೆಲುಗಳಲ್ಲಿ ನೂರಾರು ಜನಕ್ಕೆ ಆವಿಯಲ್ಲಿ ಬೇಯಿಸುವ ಆಳೆತ್ತರದ ಪಾತ್ರೆಗಳಿರುತ್ತವಲ್ಲ, ಅವುಗಳ ಮುಚ್ಚಳದ ಮೇಲೆ ಕೂರುವ ಸೇಫ್ಟಿ ವಾಲ್ವು. ಒಳಗೆ ಆವಿ ಅತಿಯಾದರೆ ವಾಲ್ವಿನ ಸ್ಪ್ರಿಂಗು ಸೋತು ಬಾಯಿ ತೆರೆಯುತ್ತದೆ, ಆವಿ ಸಿಳ್ಳೆ ಹೊಡೆದುಕೊಂಡು ಹೊರಗೆ ಹೋಗುತ್ತದೆ. ತೆರೆಯದಿದ್ದರೆ ಏನಾಗುತ್ತದೆ ಎಂದು ಅಪ್ಪ ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ. ಅವನ ಎಡಗಿವಿ ಕೇಳಿಸುವುದಿಲ್ಲ, ಆ ಕಡೆಯ ಕೆನ್ನೆಯ ಚರ್ಮ ಸುಟ್ಟು ಮುದುರಿದೆ. ನೋಡಿದವರಿಗೆ ಅಷ್ಟು ಸಾಕು.

ಪ್ರತಿ ವಾಲ್ವಿನ ಮೇಲೂ ಒಂದು ಗೂಬೆಯ ಅಚ್ಚು. ಊರೆಲ್ಲ ಮಲಗಿದಾಗ ಎಚ್ಚರವಿರುವುದು ಅದೊಂದೇ ಎಂದು ತಾತ ಆರಿಸಿದ್ದ. ಎಂಟು ವರ್ಷದ ಹಿಂದೆ ಅಚ್ಚಿನ ಮೂಲೆ ಮುರಿದು ಗೂಬೆಗೆ ಒಂದು ಕಣ್ಣು ಹೋಯಿತು. ಬೇರೆ ಅಚ್ಚು ಮಾಡಿಸೋಣ ಎಂದು ಮಗಳು ಹೇಳಿದರೆ, ಒಂದೇ ಕಣ್ಣಿದ್ದರೂ ನಿನ್ನ ಅತ್ತೆಗಿಂತ ಚೆನ್ನಾಗಿ ಕಾಣಿಸುತ್ತೆ ಅದಕ್ಕೆ, ಎಂದು ಅಪ್ಪ ಸುಮ್ಮನಾಗಿಸಿದ್ದ.

ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುವ ಹೆಂಗಸು ಆ ಮಂಗಳವಾರ ಬೆಳಗ್ಗೆ ಬಂದಾಗ ಅವಳ ಕೈಚೀಲದಲ್ಲಿ ಒಂದು ವಾಲ್ವಿತ್ತು. ಪೇಟೆಯಲ್ಲಿ ಹೋದ ತಿಂಗಳು ಕೊಂಡದ್ದಂತೆ. ಹಾಕಿದ ದಿನದಿಂದ ಒಮ್ಮೆಯೂ ಸಿಳ್ಳೆ ಹೊಡೆದಿಲ್ಲ, ಬದಲಿಗೆ ಪಾತ್ರೆಯೇ ಗಡಗಡ ನಡುಗುತ್ತದೆ, ಅಡುಗೆಯವರು ಹತ್ತಿರ ಹೋಗಲು ಹೆದರುತ್ತಾರೆ ಎಂದಳು. ಅಳತೆಗೋಲು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗೂಬೆ ಎರಡೂ ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿತ್ತು.

ಮೈ, ತಿರುಪು, ಟೋಪಿ, ಎಲ್ಲ ತದ್ರೂಪ. ಯಾರೋ ನೋಡಿಕೊಂಡು ಮಾಡಿದ್ದಲ್ಲ ಇದು, ನಕ್ಷೆ ಮುಂದಿಟ್ಟುಕೊಂಡು ಮಾಡಿದ್ದು; ನಕ್ಷೆಯ ಗೂಬೆಗೆ ಇನ್ನೂ ಎರಡು ಕಣ್ಣಿದ್ದವು. ಮೂರು ವರ್ಷದ ಹಿಂದೆ ಸೂಟು ಹಾಕಿಕೊಂಡ ಒಬ್ಬ ಬಂದು, ಹತ್ತು ಸಾವಿರ ವಾಲ್ವಿಗೆ ಆರ್ಡರು ಕೊಡುತ್ತೇನೆ, ಒಮ್ಮೆ ನಕ್ಷೆ ಕೊಡಿ ಎಂದು ಒಯ್ದಿದ್ದ. ಆಮೇಲೆ ಆಸಾಮಿ ನಾಪತ್ತೆ. ಅವಳಿಗೆ ಸಿಟ್ಟು ಬಂತು, ಜೊತೆಗೆ, ನಮ್ಮ ಮಾಲಿನ ಮುಂದೆ ಕಳ್ಳಮಾಲು ನಿಲ್ಲುತ್ತದೆಯೇ ಎಂಬ ಜಂಬವೂ ಬಂತು. ಹೋದ ತಿಂಗಳು ತಾನೇ ಮಾಡಿದ ನಲವತ್ತು ವಾಲ್ವುಗಳಲ್ಲಿ ಕಪಾಟಿನಲ್ಲಿ ಉಳಿದಿದ್ದ ಒಂದೇ ಒಂದನ್ನು ತೆಗೆದು, ಬೇಡವೆಂದರೂ ಆ ಹೆಂಗಸಿನ ಚೀಲಕ್ಕೆ ಹಾಕಿದಳು.

“ಇದು ನಮ್ಮದು, ಒಕ್ಕಣ್ಣಿಂದು. ಕಣ್ಣು ಮುಚ್ಚಿಕೊಂಡು ಹಾಕಿ,” ಎಂದಳು.

ಮಧ್ಯಾಹ್ನ ನಕಲಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದೊಡ್ಡಮ್ಮನ ಮಗಳ ಕಚೇರಿಗೆ ಹೋದಳು. ಈ ಅಕ್ಕ ವಕೀಲೆ. ಮೂರನೇ ಮಹಡಿ, ಕಡತಗಳ ನಡುವೆ ಮೇಜು ಎಲ್ಲಿದೆ ಎಂದು ಹುಡುಕಬೇಕು. ವಕೀಲಕ್ಕ ವಾಲ್ವನ್ನು ಮೇಜಿನ ಮೇಲೆ ನಿಲ್ಲಿಸಿ, ಮಕ್ಕಳಿಗೆ ಪಾಠ ಹೇಳುವವಳ ಹಾಗೆ ಪೆನ್ಸಿಲಿನಿಂದ ತಟ್ಟುತ್ತ ಶುರುಮಾಡಿದಳು. ಬುದ್ಧಿಯಿಂದ ಹುಟ್ಟಿದ್ದೂ ಹೊಲ ಮನೆಯ ಹಾಗೆ ಆಸ್ತಿಯೇ, ಬೇಲಿ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅದೂ ಒಂದು ಬೇಲಿಯಲ್ಲ, ನಾಲ್ಕೈದು. ನಕ್ಷೆ ಇದೆಯಲ್ಲ, ಅದನ್ನು ಬರೆದ ಗಳಿಗೆಯಿಂದಲೇ ಕೃತಿಸ್ವಾಮ್ಯ ಬರೆದವರದು, ಯಾರಿಗೂ ಅರ್ಜಿ ಹಾಕಬೇಕಿಲ್ಲ. ಗೂಬೆ ಟ್ರೇಡ್‌ಮಾರ್ಕು, ಅದು ಇದ್ದರೆ ಮಾಲು ನಿಮ್ಮದು ಎಂದು ಕೊಳ್ಳುವವರು ನಂಬುತ್ತಾರೆ, ಆ ನಂಬಿಕೆಗೆ ಕಾವಲು. ಟೋಪಿಯ ಈ ಹೂವಿನಂಥ ಆಕಾರವನ್ನು ವಿನ್ಯಾಸವೆಂದು ಬೇರೆಯಾಗಿ ನೋಂದಾಯಿಸಬಹುದಿತ್ತು, ನಿಮ್ಮಪ್ಪ ಮಾಡಿಸಲಿಲ್ಲ. ಊರಿನ ಹೆಸರಿನಿಂದಲೇ ಹೆಸರಾದ ಮಾಲಿಗೂ ಒಂದು ಹಕ್ಕಿದೆ, ಅದು ನಿಮಗೆ ಬೇಡ ಬಿಡು.

ಪೇಟೆಂಟು ಇಲ್ಲವೇ ಎಂದು ಇವಳು ಕೇಳಿದಳು. ವಕೀಲಕ್ಕ ಮೂಗು ಮುರಿದಳು. ಪೇಟೆಂಟು ಎಂದರೆ ಸರ್ಕಾರದ ಜೊತೆ ಒಪ್ಪಂದ: ಇದು ಹೇಗೆ ಕೆಲಸ ಮಾಡುತ್ತದೆಂದು ಒಂದೂ ಬಚ್ಚಿಡದೆ ಲೋಕಕ್ಕೆಲ್ಲ ಬರೆದುಕೊಡಬೇಕು, ಅದಕ್ಕೆ ಬದಲಾಗಿ ಇಪ್ಪತ್ತು ವರ್ಷ ಬೇರೆಯವರು ಮಾಡಕೂಡದು. ಆದರೆ ಪೇಟೆಗೆ ಬಿಡುವ ಮೊದಲೇ ಅರ್ಜಿ ಹಾಕಬೇಕಿತ್ತು. ನಿಮ್ಮಪ್ಪ ಹದಿನೈದು ವರ್ಷದಿಂದ ಮಾರುತ್ತಿದ್ದಾನೆ, ಆ ಬಸ್ಸು ಹೋಗಿ ಯಾವ ಕಾಲವಾಯಿತು.

“ಬರೆದುಕೊಡೋನಲ್ಲ ಬಿಡು ಅವನು,” ಎಂದಳು ಅಳತೆಗೋಲು. “ಮನೆಯಿಂದ ಹೊರಗೆ ಹೋಗೋ ಕಾಗದದಲ್ಲಿ ಬೇಕಂತಲೇ ಒಂದು ಸುಳ್ಳು ಅಳತೆ ಹಾಕಿರ್ತಾನೆ. ಕದ್ದೋನು ಹಳ್ಳಕ್ಕೆ ಬೀಳಲಿ ಅಂತ.”

ವಕೀಲಕ್ಕ ಪೆನ್ಸಿಲು ಕೆಳಗಿಟ್ಟಳು. ಮುಖ ಅರಳಿತು. ಹಾಗಾದರೆ ಕಳ್ಳನ ಜುಟ್ಟು ಕೈಗೆ ಸಿಕ್ಕಿತು ಎಂದಳು. ನಿಮ್ಮ ಕಾಗದದಲ್ಲಿ ಮಾತ್ರ ಇರುವ ತಪ್ಪು ಅವನ ಮಾಲಿನಲ್ಲೂ ಇದ್ದರೆ, ಅದು ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ನಿಜವಾದ ಅಳತೆ ವ್ಯಾಪಾರದ ಗುಟ್ಟು. ಅದಕ್ಕೆ ನೋಂದಣಿಯಿಲ್ಲ, ಅವಧಿಯಿಲ್ಲ, ಬಾಯಿ ಮುಚ್ಚಿಕೊಂಡಿರುವಷ್ಟು ದಿನ ನಿಮ್ಮದು. ಒಮ್ಮೆ ಹೊರಗೆ ಬಿತ್ತೋ, ಯಾವ ನ್ಯಾಯಾಧೀಶರೂ ಹಿಂದಕ್ಕೆ ಕೊಡಿಸಲಾರರು. ಆದ್ದರಿಂದ ನಾಳೆ ಮನೆಯ ನಿಜವಾದ ನಕ್ಷೆ ತೆಗೆದುಕೊಂಡು ಬಾ, ಎರಡನ್ನೂ ಹೋಲಿಸಿ ಅರ್ಜಿ ಹಾಕುತ್ತೇನೆ. ಕಳ್ಳಮಾಲಿನ ದಿಢೀರ್ ತಪಾಸಣೆಗೆ ಕೋರ್ಟಿನ ಅಪ್ಪಣೆ ಸಿಗಲು ಮೂರು ವಾರ. ಅಲ್ಲಿಯವರೆಗೆ ಯಾರ ಹತ್ತಿರವೂ ಪಿಟಕ್ಕೆನ್ನಬೇಡ, ಸುಳಿವು ಸಿಕ್ಕರೆ ಮಾಲೆಲ್ಲ ಮಾಯವಾಗುತ್ತದೆ.

ಮೂರು ವಾರ ಆ ಪಾತ್ರೆಗಳು ಒಲೆಯ ಮೇಲೇ ಇರುತ್ತವಲ್ಲ ಅಕ್ಕ, ಎಂದು ಇವಳು ಕೇಳಿದಳು. ವಕೀಲಕ್ಕ ಕಡತಕ್ಕೆ ದಾರ ಕಟ್ಟಿದಳು.

ಬುಧವಾರ ಬೆಳಗ್ಗೆ ಎಂಟಕ್ಕೆಲ್ಲ ಅವಳು ಕಪಾಟು ತೆರೆದು ಮನೆಯ ನಕ್ಷೆ ತೆಗೆದಳು. ಅಪ್ಪನ ಕೈಬರಹ, ಎಣ್ಣೆಯ ಬೆರಳ ಗುರುತು. ತಿಂಗಳ ಹಿಂದೆ ಅಪ್ಪ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಬೇರೆ ಬೇರೆ ಕಡೆಯಿಂದ ಸೇರಿ ಮೂವತ್ತೊಂಬತ್ತು ವಾಲ್ವಿಗೆ ಆರ್ಡರು ಬಂದಿತ್ತು. ಆಗ ಅವಳು ಇದೇ ಕಾಗದ ನೋಡಿಕೊಂಡು, ಒಂದು ಹೆಚ್ಚಿಗೆ ಇರಲಿ ಎಂದು ನಲವತ್ತನ್ನು ಒಬ್ಬಳೇ ಮಾಡಿ ಮುಗಿಸಿದ್ದಳು. ಅದುವರೆಗೆ ಸ್ಪ್ರಿಂಗು ಸುತ್ತುವುದು ಅಪ್ಪನ ಕೆಲಸ, ಹಿಂದಿನ ಗೂಡಿನಲ್ಲಿ, ಬಾಗಿಲು ಹಾಕಿಕೊಂಡು. ಒತ್ತಡ ನೋಡುವ ಮೀಟರು ಆ ದಿನಗಳಲ್ಲಿ ರಿಪೇರಿಗೆ ಹೋಗಿತ್ತು. ಅಳತೆ ಸರಿಯಿದ್ದರೆ ಪರೀಕ್ಷೆ ಯಾಕೆ ಎಂದು ಅವಳು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಕಾಗದಕ್ಕೆ ಹೊಂದಿಸಿದ್ದಳು. ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು ಕೂಡ.

ಈಗ ನಕಲಿಯನ್ನು ಬಿಚ್ಚಿ ಒಂದೊಂದೇ ಬಿಡಿಭಾಗ ಅಳೆದಳು. ಮೈ ಸರಿ. ತೂತು ಸರಿ. ತಿರುಪು ಸರಿ. ಸ್ಪ್ರಿಂಗಿನ ತಂತಿ ಒಂದು ಪಾಯಿಂಟ್ ಎಂಟು ಮಿಲಿಮೀಟರು, ಕಾಗದದಲ್ಲೂ ಅಷ್ಟೇ. ಎರಡನೇ ಸಲ ಅಳೆದಳು, ಕನ್ನಡಕ ಒರೆಸಿಕೊಂಡು ಮೂರನೇ ಸಲ. ಎಲ್ಲಿಯೂ ವ್ಯತ್ಯಾಸವಿಲ್ಲ.

ಅಪ್ಪ ಒಳಮನೆಯ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಅವಳು ಅವನ ಬಲಗಿವಿಯ ಕಡೆ ಹೋಗಿ ನಿಂತು, ಆ ಸೂಟಿನವನಿಗೆ ಮನೆಯ ನಿಜವಾದ ಕಾಗದ ಹೇಗೆ ಸಿಕ್ಕಿತು ಎಂದು ಕೇಳಿದಳು. ಅಪ್ಪನಿಗೆ ನಗು ಬಂತು.

“ನಿಜವಾದ ಕಾಗದ ಅಂತ ಒಂದಿದೆಯೇನೇ? ಕಪಾಟಿಗೆ ಕಳ್ಳ ಬರಲ್ವಾ? ಎಲ್ಲ ಕಾಗದದಲ್ಲೂ ಅದೇ ಸುಳ್ಳು. ಸ್ಪ್ರಿಂಗಿನ ತಂತಿ. ನಿಜ ಇರೋದು ಇಲ್ಲಿ,” ಎಂದು ಹಣೆ ತಟ್ಟಿಕೊಂಡ.

ಮಂಚದ ಅಂಚು ಹಿಡಿದು ಕೂತಳು. ನಕಲಿ ಸಿಳ್ಳೆ ಹೊಡೆಯದೆ ಪಾತ್ರೆ ನಡುಗಿಸಿತ್ತೆಂದರೆ ಕಾಗದದ ತಂತಿಯೇ ದಪ್ಪ; ತಂತಿ ದಪ್ಪವಾದರೆ ಸ್ಪ್ರಿಂಗು ಎಷ್ಟು ಬಿಗಿಯಾಗುತ್ತದೆಂದು ಅವಳಿಗೆ ಲೆಕ್ಕ ಬರುತ್ತಿತ್ತು, ಬೇಡವೆಂದರೂ ತಲೆ ಲೆಕ್ಕ ಹಾಕಿತು. ಒತ್ತಡ ಹತ್ತಕ್ಕೇರಿದಾಗ ತೆರೆಯಬೇಕಾದ ಬಾಯಿ ಹದಿನಾಲ್ಕೋ ಹದಿನಾರೋ ಆದರೂ ತೆರೆಯುವುದಿಲ್ಲ. ಅಷ್ಟು ಹೊತ್ತು ಮುಚ್ಚಳ ತಡೆಯಬೇಕಲ್ಲ.

“ಅಪ್ಪ, ಆ ನಲವತ್ತಕ್ಕೂ ನಾನೇ ಸ್ಪ್ರಿಂಗ್ ಸುತ್ತಿದೆ.”

ಅಪ್ಪನ ನಗು ಹಾಗೇ ನಿಂತಿತು. ಗೂಡಿನ ಡಬ್ಬಿಯಲ್ಲಿ ತಾನು ಸುತ್ತಿಟ್ಟಿದ್ದ ಸ್ಪ್ರಿಂಗು ಇರಲಿಲ್ಲವೇ ಎಂದು ಕೇಳಿದ. ಡಬ್ಬಿಯ ಸಂಗತಿಯೇ ಅವಳಿಗೆ ಗೊತ್ತಿರಲಿಲ್ಲ, ಅವನೂ ಹೇಳಿರಲಿಲ್ಲ. ಹೇಳದೇ ಇರುವುದನ್ನೇ ಕಸುಬು ಮಾಡಿಕೊಂಡಿದ್ದವನು. ಕಳ್ಳನಿಗೆಂದು ತೋಡಿದ ಹಳ್ಳದಲ್ಲಿ ಈಗ ಮನೆಮಗಳೇ ಬಿದ್ದಿದ್ದಳು. ಬಿದ್ದವಳು ಅವಳೊಬ್ಬಳೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಪ್ಪ ತಗ್ಗಿದ ದನಿಯಲ್ಲಿ, ನಮ್ಮದು ನಲವತ್ತನ್ನೂ ಏನಾದರೂ ನೆಪ ಹೇಳಿ ವಾಪಸು ತರಿಸು ಎಂದ. ಕಳ್ಳನದು ನಮಗೆ ಬೇಡ. ನಾವೇ ಡಂಗುರ ಹೊಡೆದರೆ ಗುಟ್ಟೂ ಹೋಯಿತು, ಮೊಕದ್ದಮೆಯೂ ಹೋಯಿತು. ತಪ್ಪು ನಕ್ಷೆ ಕೊಟ್ಟವರು ನೀವೇ ಎಂದು ನಮ್ಮ ತಲೆಯ ಮೇಲೇ ಗೂಬೆ ಕೂರಿಸುತ್ತಾರೆ. ಕದ್ದವನು ಅನುಭವಿಸಲಿ.

“ಕದ್ದೋನು ಪಾತ್ರೆ ಹತ್ತಿರ ನಿಲ್ಲಲ್ಲ ಅಪ್ಪ. ಅಡುಗೆಯವರು ನಿಲ್ತಾರೆ.”

ಅಪ್ಪ ಸುಟ್ಟ ಕೆನ್ನೆಯನ್ನು ಕೈಯಿಂದ ಮುಚ್ಚಿಕೊಂಡ. ಗೋಡೆಯ ಮೇಲೆ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಎಲ್ಲ ಕಡೆ ಮಧ್ಯಾಹ್ನದ ಊಟಕ್ಕೆ ಒಲೆ ಹತ್ತಿರುವ ಹೊತ್ತು. ಅವಳು ಮೊದಲು ಫೋನು ಮಾಡಿದ್ದು ಆಸ್ಪತ್ರೆಯ ಅಡುಗೆಮನೆಗೆ. ಕಣ್ಣು ಮುಚ್ಚಿಕೊಂಡು ಹಾಕಿ ಎಂದು ತಾನೇ ಕೈಯಾರೆ ಕೊಟ್ಟದ್ದು ಅಲ್ಲಿತ್ತಲ್ಲ.

ಆ ಹೆಂಗಸು ಖುಷಿಯಲ್ಲೇ ಮಾತಾಡಿದಳು.

“ನಿನ್ನೇನೇ ಹಾಕಿದ್ವಿ ಮೇಡಂ. ಸದ್ದೇ ಇಲ್ಲ. ಪಾತ್ರೆ ಒಂಚೂರು ನಡುಗುತ್ತೆ, ಹೊಸದಲ್ವಾ, ಹೊಂದಿಕೊಳ್ಳುತ್ತೆ ಅಂದೆ ಇವರಿಗೆ. ನಿಮ್ಮ ಗೂಬೆ ನೋಡಿದ ಮೇಲೆ ಹುಡುಗೀರಿಗೆಲ್ಲ ಧೈರ್ಯ ಬಂತು. ಈಗ ಹತ್ತಿರಾನೇ ನಿಂತ್ಕೊಂಡು ತರಕಾರಿ ಹೆಚ್ತಾ ಇದ್ದಾರೆ.”

ಅಳತೆಗೋಲು ತನ್ನ ದನಿ ತನಗೇ ಗುರುತು ಸಿಗದಂತೆ ಕೂಗಿದಳು. ಒಲೆ ಆರಿಸಿ, ಮುಚ್ಚಳ ಮುಟ್ಟಬೇಡಿ, ಎಲ್ಲರೂ ಹೊರಗೆ ಹೋಗಿ, ಈಗಲೇ. ಆ ಕಡೆ ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಸೌಟು ಬಿತ್ತು, ಚಪ್ಪಲಿಗಳು ಓಡಿದವು, ಆಮೇಲೆ ಏನೂ ಇಲ್ಲ. ಅಪ್ಪ ಮಂಚದಿಂದ ಇಳಿದು ಗೋಡೆ ಹಿಡಿದು ಅವಳ ಪಕ್ಕಕ್ಕೆ ಬಂದು, ಬಲಗಿವಿಯನ್ನು ಫೋನಿಗೆ ತಾಗಿಸಿ ನಿಂತ. ಅಪ್ಪ ಮಗಳಿಬ್ಬರೂ ಆ ಖಾಲಿ ಅಡುಗೆಮನೆಯನ್ನು ಕೇಳಿಸಿಕೊಂಡರು. ಮುಚ್ಚಳ ಪಾತ್ರೆಯ ಬಾಯಿಗೆ ಕಟಕಟ ಬಡಿಯುತ್ತಿತ್ತು. ಬಹಳ ಹೊತ್ತು ಬಡಿದು ನಿಧಾನವಾಯಿತು, ಆಮೇಲೆ ನಿಂತಿತು.

ಹೆಂಗಸು ಏದುಸಿರು ಬಿಡುತ್ತ ವಾಪಸು ಬಂದಳು. ಎಲ್ಲರೂ ಕ್ಷೇಮ ಎಂದಳು. ಪಕ್ಕದ ಅಡುಗೆಮನೆಯಲ್ಲೂ ಇಂಥವೇ ಎರಡಿವೆ, ಅವು ಪೇಟೆಯಲ್ಲಿ ಕೊಂಡವು, ಅವನ್ನೂ ಆರಿಸಲೇ ಎಂದು ಕೇಳಿದಳು. ಗೂಬೆಗೆ ಎಷ್ಟು ಕಣ್ಣಿದೆ ನೋಡಿ ಎಂದು ಇವಳು ಹೇಳಹೊರಟು ನಾಲಿಗೆ ಕಚ್ಚಿಕೊಂಡಳು. ಇನ್ನು ಅದನ್ನು ನೋಡಿ ಏನೂ ಪ್ರಯೋಜನವಿರಲಿಲ್ಲ. ಅವನ್ನೂ ಆರಿಸಿ ಎಂದಳು.

ಉಳಿದ ಮೂವತ್ತೊಂಬತ್ತು ಎಲ್ಲೆಲ್ಲಿ ಹೋಗಿವೆ ಎಂಬ ಪಟ್ಟಿ ಅವಳ ಹತ್ತಿರವಿತ್ತು. ಒಂದೊಂದಾಗಿ ಎಲ್ಲ ಕಡೆಗೂ ಫೋನು ಮಾಡಿದಳು, ಗಂಟಲು ಕಟ್ಟುವವರೆಗೆ. ಏಳು ಕಡೆ ಯಾರೂ ಎತ್ತಲಿಲ್ಲ. ಅಲ್ಲಿಗೆಲ್ಲ ಪಕ್ಕದ ಬೀದಿಯವರನ್ನು ಸೈಕಲ್ಲು, ಸ್ಕೂಟರಿನಲ್ಲಿ ಓಡಿಸಿದಳು. ಎರಡು ಕಣ್ಣಿನವು ಎಷ್ಟು, ಎಲ್ಲಿವೆ ಎಂಬ ಪಟ್ಟಿ ಮಾತ್ರ ಯಾರ ಬಳಿಯೂ ಇರಲಿಲ್ಲ.

ಸಂಜೆ ನಾಲ್ಕಕ್ಕೆ ಅವಳು ಪತ್ರಿಕೆಯ ಕಚೇರಿಗೆ ಫೋನು ಮಾಡಿದಳು. ವಕೀಲಕ್ಕನಿಗೆ ಮೊದಲೇ ತಿಳಿಸಿದ್ದಳು. ಆ ಕಡೆಯಿಂದ ನಿಟ್ಟುಸಿರು ಬಂದಿತ್ತು, ಬೈಗುಳವಲ್ಲ. ವರದಿಗಾರ ಎಲ್ಲ ಬರೆದುಕೊಂಡು, ಸರಿಯಾದ ತಂತಿ ಎಷ್ಟು ಎಂದು ಕೇಳಿದ. ಅವಳು ಅಪ್ಪನ ಕಡೆ ತಿರುಗಿದಳು. ಅವಳಿಗೂ ಅದು ಇನ್ನೂ ಗೊತ್ತಿರಲಿಲ್ಲ.

ಅಪ್ಪ ಫೋನು ಈಸಿಕೊಂಡ. ಹದಿನೈದು ವರ್ಷದಲ್ಲಿ ಹೆಂಡತಿಗೂ ಹೇಳದೇ ಇದ್ದದ್ದನ್ನು ಗುರುತಿಲ್ಲದ ಒಬ್ಬನಿಗೆ ಹೇಳಿದ.

“ಒಂದು ಪಾಯಿಂಟ್ ಆರು. ಬರ್ಕೊಳ್ಳಿ.”

ವರದಿಗಾರನಿಗೆ ಇನ್ನೊಂದು ಸಂದೇಹವಿತ್ತು. ಜನ ಯಾವ ಗೂಬೆ ನಂಬಬೇಕು ಅಂತ ಹಾಕಲಿ, ಒಂದು ಕಣ್ಣಿಂದೋ, ಎರಡು ಕಣ್ಣಿಂದೋ ಎಂದು ಕೇಳಿದ. ಮಗಳು ಫೋನು ತೆಗೆದುಕೊಂಡಳು.

“ಯಾವುದನ್ನೂ ಬೇಡ ಅಂತ ಹಾಕಿ.”

ಅಪ್ಪ ಮಂಚಕ್ಕೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಪತ್ರಿಕೆ ಬರುವುದು ಮರುದಿನ ಬೆಳಕು ಹರಿದ ಮೇಲೆ. ಅಷ್ಟರೊಳಗೆ ಎಲ್ಲ ಕಡೆಯೂ ರಾತ್ರಿಯ ಊಟ ಬೇಯಬೇಕಿತ್ತು, ಬೆಳಗಿನ ತಿಂಡಿ ಬೇಯಬೇಕಿತ್ತು.