ಗೋಡೆಗೆ ಪಾಠ ಒಪ್ಪಿಸುವ ಮೇಷ್ಟ್ರು

“ಅಮ್ಮಾ, ಸ್ವಾಮಿ ತಾತ ಗೋಡೆ ಜೊತೆ ಯಾಕೆ ಮಾತಾಡ್ತಾರೆ? ಅದು ಉತ್ತರ ಕೊಡುತ್ತಾ?”

ಮುದ್ದೆಯ ತುತ್ತನ್ನು ಒಂದು ಕೆನ್ನೆಗೆ ಸರಿಸಿಕೊಂಡು ನನ್ನ ಮಗಳು ಸಿಂಚನ ಹೀಗೆ ಕೇಳಿದಾಗ, “ನುಂಗು ಮೊದಲು” ಅಂದೆ. ಅವಳ ಪ್ರಶ್ನೆಗಳನ್ನು ದಿನಚರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಹೆಚ್ಚಿನವಕ್ಕೆ ಅದೇ ಸಂಜೆ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವಷ್ಟರಲ್ಲಿ ಏನೋ ಒಂದು ಉತ್ತರ ಹೊಳೆಯುತ್ತದೆ. ಈ ಪ್ರಶ್ನೆಯ ಕೆಳಗೆ ಮಾತ್ರ ಅರ್ಧ ಪುಟ ಖಾಲಿ ಬಿಟ್ಟೆ.

ಕೊಳ್ಳೇಗಾಲದ ನಮ್ಮ ಬಾಡಿಗೆ ಮನೆಗೂ ಶಿವರುದ್ರಸ್ವಾಮಿ ಮೇಷ್ಟ್ರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಅವರ ನಡುಮನೆ, ಈ ಕಡೆ ನನ್ನ ಅಡುಗೆಮನೆ. ನಿವೃತ್ತರಾಗಿ ವರ್ಷಗಳೇ ಕಳೆದಿದ್ದರೂ ಬೆಳಗಿನ ತಿಂಡಿ ಮುಗಿದದ್ದೇ ಮೇಷ್ಟ್ರು ತಮ್ಮ ಬೂದುಬಣ್ಣದ ಕೋಟು ತೊಟ್ಟು, ಫೋನನ್ನು ತೋಳುದ್ದ ದೂರಕ್ಕೆ ಹಿಡಿದು, ಆ ಗೋಡೆಗೆ ಅಭಿಮುಖವಾಗಿ ನಿಂತು ಪಾಠ ಓದುತ್ತಾರೆ. ಬರೀ ಓದುವುದಲ್ಲ, ಪ್ರಶ್ನೆ ಬಂದಲ್ಲಿ ನಿಲ್ಲಿಸಿ, ಕತ್ತನ್ನು ತುಸು ವಾಲಿಸಿ, ಮಗುವೊಂದು ಯೋಚಿಸಿ ಬಾಯಿ ತೆರೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸಾವಧಾನವಾಗಿ ಕಾಯುತ್ತಾರೆ. ಆಮೇಲೆ, “ಹಿಂದಿನ ಬೆಂಚಿಗೆ ಕೇಳಿಸ್ತಾ?” ಎಂದು ಗೋಡೆಯನ್ನೇ ವಿಚಾರಿಸಿ ಮುಂದಕ್ಕೆ ಹೋಗುತ್ತಾರೆ. ಈಚೆ ಒಗ್ಗರಣೆ ಹಾಕುತ್ತಿರುವ ನಾನು ಎಷ್ಟೋ ಸಲ ನನಗೇ ಗೊತ್ತಿಲ್ಲದೆ, “ಕೇಳಿಸ್ತು ಸಾರ್” ಅಂದುಬಿಟ್ಟಿದ್ದೇನೆ.

ಈ ಪಾಠಗಳು ಪುಸ್ತಕದವಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಶಿಕ್ಷಕರು ಕೆಲವರು ಸೇರಿಕೊಂಡು ನಮ್ಮ ಮಕ್ಕಳಿಗೆ ನಮ್ಮ ಊರಿನ ಉದಾಹರಣೆಗಳಲ್ಲೇ ಪಾಠ ಇರಲೆಂದು ಒಂದು ಜಾಲತಾಣ ಮಾಡಿಕೊಂಡಿದ್ದಾರೆ. ಅಲ್ಲಿನ ಪಾಠ ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ, “ಇಲ್ಲಿ ಹೀಗಿದ್ದರೆ ಚೆನ್ನ” ಎಂದು ತಿದ್ದುಪಡಿ ಸೂಚಿಸಬಹುದು. ಸೂಚಿಸಿದವರೇ ಅದನ್ನು ಒಪ್ಪಿಕೊಂಡುಬಿಡುವಂತಿಲ್ಲ, ಪರಿಶೀಲಕರಲ್ಲಿ ಇನ್ನೊಬ್ಬರು ಓದಿ ಒಪ್ಪಬೇಕು ಎಂಬುದೊಂದೇ ನಿಯಮ. ಮೇಷ್ಟ್ರು ಪರಿಶೀಲಕರು. ಮನೆಯಲ್ಲಿ ಮಗು ನೋಡಿಕೊಂಡಿದ್ದ ನನ್ನನ್ನು, “ಬಿಎಸ್ಸಿ ಓದಿದ್ದನ್ನೆಲ್ಲ ಸಾಂಬಾರಿಗೆ ಹಾಕ್ಬೇಡ ಕಣಮ್ಮ” ಎಂದು ಈ ಕೆಲಸಕ್ಕೆ ಎಳೆದು, ಕ್ರಮೇಣ ಇನ್ನೊಬ್ಬ ಪರಿಶೀಲಕಿಯನ್ನಾಗಿ ಮಾಡಿದವರೂ ಅವರೇ.

ಆ ಕೋಟಿನ ಬಗ್ಗೆ ಹೇಳಲೇಬೇಕು. ಬೇಸಗೆಯಲ್ಲಿ ಬನಿಯನ್ನೇ ಭಾರವೆನಿಸುವ ಈ ಊರಿನಲ್ಲಿ, ಪಾಠ ನೋಡಲು ನಿಂತರೆಂದರೆ ಅವರಿಗೆ ಕೋಟು ಬೇಕೇ ಬೇಕು. ಅದರ ಬಲಗಡೆಯ ಜೇಬು ಸೀಮೆಸುಣ್ಣದ ಪುಡಿಯಿಂದ ಬೆಳ್ಳಗಾಗಿದೆ. ಎಷ್ಟು ಒಗೆದರೂ ಹೋಗುವುದಿಲ್ಲ, ಏಕೆಂದರೆ ಅದರೊಳಗೆ ಇವತ್ತಿಗೂ ಒಂದು ತುಂಡು ಸೀಮೆಸುಣ್ಣ ಇದ್ದೇ ಇರುತ್ತದೆ. ನಡಿಗೆಯೋ, ಪರೀಕ್ಷಾ ಕೊಠಡಿಯ ಮೇಲ್ವಿಚಾರಕರದು. ಸಂತೆಯಲ್ಲಿ ತರಕಾರಿಯ ಗುಡ್ಡೆಗಳ ನಡುವೆ ಕೈ ಹಿಂದೆ ಕಟ್ಟಿ ಸಾಗುತ್ತ, ಒಂದೊಂದರ ಬಳಿಯೂ ನಿಂತು, ಬದನೆಕಾಯಿ ಯಾರದನ್ನೋ ನೋಡಿ ಬರೆದಿದೆಯೇನೋ ಎಂಬಂತೆ ಬಗ್ಗಿ ನೋಡುತ್ತಾರೆ.

“ಈ ಗೋಡೆಗೆ ಸುಣ್ಣ ಒಡ್ಸಿ ಅಂತ ಏಳಿ ಏಳಿ ಬಾಯಿ ನೊಂದೋಯ್ತು ಕಣವ್ವಾ” ಎಂದು ಅವರ ಹೆಂಡತಿ ಪುಟ್ಟಬಸಮ್ಮನವರು ಒಮ್ಮೆ ನನ್ನೆದುರೇ ದೂರಿದರು. “ಗೋಡೆಗೆ ವಿದ್ಯೆ ಅತ್ತುಸ್ತಾವ್ರೆ. ಯಾವತ್ತೋ ಒಂದಿನ ಅದೇ ಎದ್ದು ಪರೀಕ್ಸೆ ಬರ್ಕಂಡ್ ಬತ್ತದೆ, ನೋಡ್ತಿರು.”

“ಬಂದ್ರೆ ನಿನಗಿಂತ ಜಾಸ್ತಿ ನಂಬರ್ ತಗಳ್ತದೆ” ಅಂದರು ಮೇಷ್ಟ್ರು, ಫೋನಿನಿಂದ ಕಣ್ಣು ತೆಗೆಯದೆ.

ನನ್ನ ಮೊದಲ ತಿದ್ದುಪಡಿಯನ್ನು ಅವರು ಪರಿಶೀಲಿಸಿದ ಬಗೆಯನ್ನು ನೆನೆದರೆ ನಗು ಬರುತ್ತದೆ. ಗಣಿತದ ಪಾಠವೊಂದರಲ್ಲಿ ರೈಲು ಸಮವೇಗದಲ್ಲಿ ಓಡುವ ಲೆಕ್ಕವಿತ್ತು. ರೈಲೇ ಇಲ್ಲದ ನಮ್ಮೂರ ಮಕ್ಕಳಿಗೆ ರೈಲೇಕೆ ಎಂದು ನಾನು ಅದನ್ನು ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸಾಗಿ ಬದಲಿಸಿ ಕಳಿಸಿದೆ. ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ಮೇಷ್ಟ್ರು ಮರುದಿನ ಕೋಟು ತೊಟ್ಟು ಬಸ್ಸು ಹತ್ತಿದರು. ಸಂಜೆ ಧೂಳು ಮೆತ್ತಿದ ಮುಖದಲ್ಲೇ ನಮ್ಮ ಬಾಗಿಲಿಗೆ ಬಂದು, “ಹನೂರಿನ ತನಕ ನಿನ್ನ ಲೆಕ್ಕ ಸತ್ಯ ಕಣಮ್ಮ. ಕೌದಳ್ಳಿ ದಾಟಿ ಬೆಟ್ಟದ ತಿರುವು ಶುರುವಾಯ್ತು ಅಂದ್ರೆ ಸುಳ್ಳು. ಆ ಕಡೆಯ ಮಗು ದಿನಾ ಆ ಬಸ್ಸಲ್ಲಿ ಬರ್ತದೆ. ಅದರ ಹೊಟ್ಟೆ ತೊಳಸಿದ್ದು ಅದಕ್ಕೆ ಗೊತ್ತು. ಸಮವೇಗ ಅಂದ್ರೆ ನಂಬ್ತದಾ?” ಎಂದರು. ಲೆಕ್ಕ ಹನೂರಿಗೇ ನಿಂತಿತು. ಕಿರಿಕಿರಿಯೂ ಆಯಿತು, ಕಣ್ಣೂ ಯಾಕೋ ತೇವವಾಯಿತು. ಎಂದೂ ಕಾಣದ ಮಗುವೊಂದರ ಅಪನಂಬಿಕೆಗೆ ಹೆದರಿ ಈ ವಯಸ್ಸಿನಲ್ಲಿ ಅಷ್ಟು ದೂರ ಹೋಗಿಬಂದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಇಷ್ಟು ನಿಷ್ಠುರರಾದ ಮೇಷ್ಟ್ರು ಸ್ವತಃ ಬರೆದ ಪಾಠ ಆ ತಾಣದಲ್ಲಿ ಒಂದೇ ಒಂದು. ಅದು ಹಗೇವಿನ ಬಗ್ಗೆ. ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಕಣಜ; ಬಾಯಿ ಕಿರಿದು, ಹೊಟ್ಟೆ ಹಿರಿದು, ಮೇಲೊಂದು ಚಪ್ಪಡಿ. ಮುಚ್ಚಿದ ಹಗೇವಿನೊಳಗೆ ಗಾಳಿ ಕೆಡುತ್ತದೆ, ಅವಸರದಿಂದ ಇಳಿದವರ ಉಸಿರು ಕಟ್ಟುತ್ತದೆ. ಅದಕ್ಕೆ ಹಿಂದಿನವರು ಮೊದಲು ಹಗ್ಗದಲ್ಲಿ ದೀಪ ಇಳಿಬಿಟ್ಟು ನೋಡುತ್ತಿದ್ದರು; ಅದು ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಹುಟ್ಟೂರು ಅಗರದ ತಮ್ಮ ಮನೆಯ ಮುಂದೆ ತಾಯಿ ದೊಡ್ಡಬಸಮ್ಮ ಹಾಗೆ ದೀಪ ಇಳಿಸುತ್ತಿದ್ದುದನ್ನು ಮೇಷ್ಟ್ರು ಪಾಠದ ನಡುವೆ ಕೆಲವೇ ಸಾಲುಗಳಲ್ಲಿ ಬರೆದಿದ್ದರು. ಆ ತಾಯಿ ತೀರಿಕೊಂಡು ಬಹಳ ಕಾಲವಾಗಿದೆ. “ಅವ್ವನ ಫೋಟೊ ಅಂತ ಇರೋದು ಓಟಿನ ಕಾರ್ಡಿಂದು ಒಂದೇ. ಅದ್ರಲ್ಲಿ ಯಾರ್ ಮೇಲೋ ಸಿಟ್ಟಾದಂಗವ್ಳೆ. ನಮ್ಮವ್ವ ಅಂದ್ರೆ ಅದಲ್ಲ, ಇದು” ಎಂದು ಅವರು ಒಮ್ಮೆ ಆ ಸಾಲುಗಳ ಮೇಲೆ ಬೆರಳಿಟ್ಟು ತೋರಿಸಿದ್ದರು.

ಆ ಸಾಲುಗಳನ್ನೇ ತೆಗೆಯಬೇಕೆಂದು ತಿದ್ದುಪಡಿ ಬಂತು. ಕಳಿಸಿದವಳು ಕೌದಳ್ಳಿ ಕಡೆ ಶಿಕ್ಷಕಿಯಾಗಿರುವ ಮೀನಾ. ಮೇಷ್ಟ್ರು ಕೂಡಲೇ ಅವಳಿಗೆ ಫೋನ್ ಮಾಡಿದರು. ಅವರ ಫೋನು ಸ್ಪೀಕರಿನಲ್ಲೇ ಮಾತಾಡುವುದರಿಂದ ನನಗೂ ಅದು ಸ್ಪಷ್ಟವಾಗಿ ಕೇಳುತ್ತಿತ್ತು.

“ಸಾ, ಕ್ವಾಪ ಮಾಡ್ಕಬ್ಯಾಡಿ. ನಮ್ ಇಸ್ಕೂಲ್ ಹಿಂದ್ಲ ಮನೆ ತಾವ ಒಂದು ಹಳೇ ಹಗೇವು ಅದೆ. ಐಕ್ಳು ಅಲ್ಲೇ ಆಡದು. ದೀಪ ಉರೀತಿದ್ರೂ ಒಳುಗ್ಲ ಗಾಳಿ ಮನುಷ್ಯರಿಗೆ ಆಗ್ದೆ ಇರ್ಬೌದು, ನಂಬ್ಬೇಡಿ ಅಂತ ಫೈರ್ ಸ್ಟೇಷನ್‌ನವ್ರು ಬಂದು ಏಳುದ್ರು ಸಾ.”

“ನಾನು ಇಳೀರಿ ಅಂತ ಎಲ್ಲಿ ಬರ್ದಿದೀನಮ್ಮ?”

“ಬರ್ದಿಲ್ಲ ಸಾ. ಆದ್ರೂ...”

“ಆದ್ರೂ ಅಂದ್ರೆ ಕಾರಣ ಆಗಲ್ಲ ಮೀನಮ್ಮ. ನೋಡುವ” ಎಂದು ಫೋನಿಟ್ಟರು.

ನಿಯಮದ ಪ್ರಕಾರ ಅವರಿಗೆ ಅಡ್ಡಿಯಿರಲಿಲ್ಲ. ಪಾಠ ಅವರದಾದರೂ ತಿದ್ದುಪಡಿ ಮೀನಾಳದು. ಪರಿಶೀಲಕರಾಗಿ ‘ತಿರಸ್ಕರಿಸಿ’ ಎಂಬುದನ್ನು ಒತ್ತಿದ್ದರೆ ಅವ್ವನೂ ದೀಪವೂ ಅಲ್ಲೇ ಉಳಿಯುತ್ತಿದ್ದವು, ಕೇಳುವವರು ಯಾರೂ ಇರಲಿಲ್ಲ. ಅವರು ಒತ್ತಲಿಲ್ಲ, ಒಪ್ಪಲೂ ಇಲ್ಲ. ಮರುದಿನ ಗೋಡೆಯ ಆ ಕಡೆ ದನಿಯೇ ಏಳಲಿಲ್ಲ. ಸಾಂಬಾರು ಕುದಿಯುವ ಸದ್ದು ನನಗೆ ಎಂದೂ ಅಷ್ಟು ದೊಡ್ಡದಾಗಿ ಕೇಳಿರಲಿಲ್ಲ.

ಅದರ ಮಾರನೆಯ ಬೆಳಿಗ್ಗೆ ಪುಟ್ಟಬಸಮ್ಮನವರ ಕೊಬ್ಬರಿ ತುರಿಯುವ ಮಣೆ ವಾಪಸು ಕೊಡಲು ಹೋದೆ, ಸಿಂಚನಳೂ ಹಿಂದೆ ಬಂದಳು. ಮೇಷ್ಟ್ರು ಕೋಟು ತೊಟ್ಟು ಗೋಡೆಯ ಮುಂದೆ ನಿಂತಿದ್ದರು. ಒಳಬಾಗಿಲಲ್ಲಿದ್ದ ಪುಟ್ಟಬಸಮ್ಮ ತುಟಿಯ ಮೇಲೆ ಬೆರಳಿಟ್ಟು, “ಅವ್ರದ್ದೇ ಪಾಠ ಕಣವ್ವ” ಎಂದು ಪಿಸುಗುಟ್ಟಿದರು. “ಬರ್ದಾಗ ಓದಕ್ ಓಗಿ, ಅವ್ವ ನೆಪ್ಪಾಯ್ತಾಳೆ ಅಂತ ಅರ್ಧಕ್ಕೇ ನಿಲ್ಸಿ ಅಂಗೇ ಆಕ್ಬುಟ್ಟಿದ್ರು.” ಊರಿನವರ ಪಾಠಗಳನ್ನೆಲ್ಲ ಗೋಡೆಗೆ ಒಪ್ಪಿಸಿದ ಮನುಷ್ಯ ತಮ್ಮದೊಂದನ್ನು ಮಾತ್ರ ಒಪ್ಪಿಸಿರಲಿಲ್ಲ.

ಸಿಂಚನ ಸದ್ದಿಲ್ಲದೆ ಹೋಗಿ ಬಾಗಿಲ ಬದಿಯ ಮಣೆಯ ಮೇಲೆ ಕೂತಳು. ಮೇಷ್ಟ್ರು ಓದುತ್ತಿದ್ದರು: “ಅವ್ವ ಹಗೇವಿನ ಚಪ್ಪಡಿ ಸರಿಸಿದಳು. ಹಗ್ಗಕ್ಕೆ ಕಟ್ಟಿದ ದೀಪವನ್ನು ಮೆಲ್ಲಗೆ ಇಳಿಬಿಟ್ಟಳು. ಆ ಕತ್ತಲ ಹೊಟ್ಟೆಯಲ್ಲಿ ದೀಪ ನಕ್ಷತ್ರದ ಹಾಗೆ ಉರಿಯಿತು, ಆರಲಿಲ್ಲ. ಮಕ್ಕಳೇ, ಈಗ ಏನು ಮಾಡಬಹುದು?”

ಕತ್ತು ವಾಲಿಸಿ ಕಾದರು.

“ಇಳೀಬಹುದು!” ಎಂದಳು ಸಿಂಚನ, ಎದ್ದು ನಿಂತು. “ನಂಗೂ ಹಗ್ಗ ಕೊಡಿ ತಾತ.”

ಮೇಷ್ಟ್ರು ಫೋನು ಕೆಳಗಿಳಿಸಿದರು. ತಿರುಗಿದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಿಂದಿಳಿದ ದಿನದ ಆಯಾಸವಿತ್ತು. “ಉತ್ತರ ಬಂತು ಕಣಮ್ಮ” ಎಂದು ನನಗೆ ಹೇಳಿದರು. “ಹಿಂದಿನ ಬೆಂಚಿಂದ.” ನಿಂತಲ್ಲೇ ಫೋನು ಒತ್ತಿ ತಿದ್ದುಪಡಿಯನ್ನು ಒಪ್ಪಿ, ಮೀನಾಳಿಗೆ ಕರೆ ಮಾಡಿದರು.

“ತೆಗ್ದಾಯ್ತು ಮೀನಮ್ಮ. ನೀನ್ ಹೇಳಿದ್ದೇ ಸರಿ.”

“ಸಾ, ನಾನು ದೀಪ ಬ್ಯಾಡ ಅಂದೆ ಅಷ್ಟೇಯ. ನಿಮ್ಮವ್ವಾರು ಬ್ಯಾಡ ಅಂತ ಅಂದಿಲ್ಲ ಸಾ.”

“ದೀಪ ತೆಗುದ್ರೆ ಅವ್ವ ಕತ್ಲಲ್ಲಿ ನಿಂತ್ಕತಾಳಲ್ಲಮ್ಮ” ಎಂದು ಸಣ್ಣಗೆ ನಕ್ಕರು. ಆಮೇಲೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಸಿಂಚನಳಿಗೆ ಕೊಬ್ಬರಿ ಬೆಲ್ಲ ಕೊಡುವಂತೆ ಹೆಂಡತಿಗೆ ಹೇಳಿ ಹಿತ್ತಲಿಗೆ ಹೋದರು.

ಮನೆಗೆ ಬಂದವಳೇ ಯಳಂದೂರಿನ ತವರಿಗೆ ಫೋನ್ ಮಾಡಿ, ಅಲ್ಲಿರುವ ನಮ್ಮ ಹಳೆಯ ಹಗೇವಿನ ಮೇಲೆ ಚಪ್ಪಡಿ ಭದ್ರವಾಗಿದೆಯೇ ಎಂದು ಅಮ್ಮನನ್ನು ಕೇಳಿದೆ. “ಅದ್ರ ಮ್ಯಾಲೆ ಸೌದೆ ಒಟ್ಟಿವ್ನಿ. ಇದೇನವ್ವ ಒತ್ತಾರೆನೇ ಹಗೇವಿನ ಜ್ಞಾನ?” ಎಂದು ಅವಳು ಗದರಿದಳು. ಸಿಂಚನಳನ್ನು ಮಡಿಲಲ್ಲಿ ಕೂರಿಸಿಕೊಂಡು, ದೀಪ ಉರಿದರೂ ಸರಿ, ಆರಿದರೂ ಸರಿ, ಯಾವ ಗುಂಡಿಗೂ ಇಳಿಯಬಾರದು ಎಂದು ಅವಳ ಬಾಯಿಂದಲೇ ಹೇಳಿಸಿದೆ.

ಆ ರಾಗಿಯ ಕಣಜವನ್ನೂ ಆ ತಾಯಿಯನ್ನೂ ಮನಸ್ಸಿನಿಂದ ದೂರ ಮಾಡಲಾಗದೆ ಯೋಚಿಸುತ್ತಿರುವಾಗ ನನಗನ್ನಿಸಿತು: ಬರೆಯುವವರ ಹೆಸರು ಎಲ್ಲೋ ಒಂದು ಕಡೆ ನಿಲ್ಲುತ್ತದೆ, ತಿದ್ದುವವರದು ನಿಲ್ಲುವುದಿಲ್ಲ. ಅವರು ತಡೆದ ತಪ್ಪು ಯಾರ ಕಣ್ಣಿಗೂ ಬೀಳದೆ ಹೋಗುವುದೇ ಅವರ ಸಾರ್ಥಕ್ಯ. ಇಂಥವರನ್ನು ನಾವು ಹಟಮಾರಿಗಳೆನ್ನುತ್ತೇವೆ, ಅನುಮಾನದ ಪ್ರಾಣಿಗಳೆಂದು ನಗುತ್ತೇವೆ. ಆದರೆ ಆ ಅನುಮಾನದ ತಳದಲ್ಲಿರುವುದು ಕಾಣದ ಮಕ್ಕಳ ಮೇಲಿನ ಒಂದು ಬಗೆಯ ಮಮತೆಯೇ. ಆ ಮಮತೆಗೆ ತಮ್ಮ ಅತ್ಯಂತ ಪ್ರೀತಿಯ ಸಾಲೂ ಅಡ್ಡ ಬಂದಾಗ ಅವರು ಅದನ್ನು ಸರಿಸಿಬಿಡುತ್ತಾರೆ. ದಿನಚರಿಯಲ್ಲಿ ಸಿಂಚನಳ ಪ್ರಶ್ನೆಯ ಕೆಳಗಿನ ಖಾಲಿ ಜಾಗದಲ್ಲಿ ಅಂದು ಸಂಜೆ, ‘ಹೌದು, ಕೊಡುತ್ತದೆ’ ಎಂದಷ್ಟೇ ಬರೆದೆ.

ಮುಂದಿನ ವಾರ ಮೇಷ್ಟ್ರು ನಮ್ಮ ಬಾಗಿಲಿಗೆ ಬಂದರು. ಕೋಟು ತೊಟ್ಟಿದ್ದರು, ಒಳಗೆ ಬರಲಿಲ್ಲ.

“ಒಂದು ತಿದ್ದುಪಡಿ ಕಳ್ಸಿದೀನಿ ಪವಿತ್ರಮ್ಮ. ಅವ್ವ ದೀಪ ಇಳ್ಸಕ್ಕೆ ಮುಂಚೆ ಐಕ್ಳನ್ನೆಲ್ಲ ಜಗುಲಿಗೆ ಅಟ್ಟೋಳು. ಕೈ ಅಡ್ಡ ಹಿಡ್ಕಂಡು, ‘ಅತ್ತಗೋಗಿ, ಇದು ನಿಮ್ದಲ್ಲ’ ಅನ್ನೋಳು. ನಾನೂ ಅಟ್ಟಿಸ್ಕೊಂಡೋನೇ. ಜಗುಲಿ ಮೇಲಿಂದ ಬೆಳಕು ಒಂದೇ ಕಾಣ್ತಿತ್ತು ನೋಡು, ಅದ್ನೇ ಬರ್ದು ಅಟ್ಟಿದ್ದನ್ನ ಬಿಟ್ಟಿದ್ದೆ. ಈಗ ದೀಪ ಇಲ್ಲ, ಕೈ ಅಡ್ಡ ಹಿಡ್ದಿರೋ ಅವ್ವ ಇದ್ದಾಳೆ.”

“ಚೆನ್ನಾಗಿದೆ ಮೇಷ್ಟ್ರೇ, ಈಗಲೇ ಒಪ್ಪಿಬಿಡ್ತೀನಿ” ಅಂದೆ.

“ಬೇಡ, ಹಂಗೆ ಒಪ್ಪಬೇಡ.” ಜೇಬಿಗೆ ಕೈ ಹಾಕಿ ಸೀಮೆಸುಣ್ಣವನ್ನು ಹೊರಳಿಸುತ್ತ ಅವರು ಹೇಳಿದರು. “ಒಂದು ಉಪಕಾರ ಮಾಡು. ನಿನ್ನ ಅಡುಗೆಮನೇಲಿ ನಿಂತ್ಕೊಂಡು ಗೋಡೆಗೆ ಓದು, ಗಟ್ಟಿಯಾಗಿ. ಪಾಪು ನಿನ್ನ ಪಕ್ಕ ಕೂತಿರಲಿ. ‘ಈಗ ಏನು ಮಾಡಬೇಕು’ ಅನ್ನೋ ಕಡೆ ನಿಲ್ಸಿ ಕಾಯಿ. ‘ಜಗುಲಿಗೆ ಹೋಗ್ಬೇಕು’ ಅಂದ್ರೆ ಅವ್ವ ಇರ್ಲಿ. ‘ಇಳೀಬಹುದು’ ಅಂದ್ರೆ ಯೋಚ್ನೆ ಮಾಡ್ದೆ ತೆಗ್ದುಬಿಡು. ನನ್ನ ಮುಖ ನೋಡಿ ಮೆತ್ತಗಾಗ್ಬೇಡ ತಾಯಿ. ನಾನು ಗೋಡೆ ಆ ಕಡೆ ಇರ್ತೀನಿ.”