ಪಿಳ್ಳಪ್ಪ ಇಟ್ಟ ಮೊದಲ ಬೆಂಕಿ

೧೯೫೮ರಲ್ಲಿ ಲೋಕದಲ್ಲಿ ಏನೇನು ನಡೆಯಿತೋ ಚರಿತ್ರೆಕಾರರು ಬರೆದುಕೊಳ್ಳಲಿ. ಯಲಹಂಕದ ಮಟ್ಟಿಗೆ ಆ ವರ್ಷದ ಗಂಭೀರ ಘಟನೆಯೆಂದರೆ ಊರಾಚೆಯ ಸರ್ಕಾರಿ ಕ್ಯಾಂಪಿನ ದೊಡ್ಡ ಸಾಹೇಬರ ಬಿಳಿ ಚಡ್ಡಿಯ ಹಿಂಬದಿಯಲ್ಲಿ ಹುಣಿಸೆಬೀಜದಷ್ಟು ಮಸಿ ಕಂಡದ್ದು. ಸಾಹೇಬರು ಅದನ್ನು ತೊಟ್ಟು ಟೆನಿಸ್ ಆಡಿ ಮುಗಿಸಿದ ಮೇಲೆ ಯಾರೋ ಹೇಳಿದರು. ಮರುವಾರ ಕ್ಯಾಂಪಿನ ಬಟ್ಟೆಯೆಲ್ಲ ಪಿಳ್ಳಪ್ಪನ ಕೈತಪ್ಪಿ ಪಟ್ಟಣದ ಲಾಂಡ್ರಿಗೆ ಹೋಯಿತು.

ಪಿಳ್ಳಪ್ಪ ಊರ ಮಡಿವಾಳ. ಮಸಿ ಅವನದಲ್ಲ, ಇಟ್ಟಿಗೆ ಗೂಡಿನದು. ಆ ಬೇಸಗೆಯಲ್ಲಿ ಊರ ಗೌಡ ಮುನಿಕೃಷ್ಣಪ್ಪ, ಪಿಳ್ಳಪ್ಪ ಬಟ್ಟೆ ಒಣಹಾಕುವ ಬಯಲಿನ ಪಕ್ಕದ ದಿಣ್ಣೆಯ ಮೇಲೆ ಹೊಸದಾಗಿ ಗೂಡು ಹಾಕಿಸಿದ್ದ. ಹಗಲೆಲ್ಲ ಪಡುವಣ ಗಾಳಿ. ಹೊಗೆ ನೇರ ಹಗ್ಗದ ಮೇಲಕ್ಕೆ. ಪಿಳ್ಳಪ್ಪ ಹೋಗಿ ಜಗಲಿಯ ಕೆಳಗೆ ನಿಂತು ಅರಿಕೆ ಮಾಡಿಕೊಂಡಾಗ ಮುನಿಕೃಷ್ಣಪ್ಪ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದ:

"ಗಾಳಿಯೇನ್ ನಾನ್ ಸಾಕಿರೋ ಎತ್ತೇನ್ಲಾ, ಮೂಗುದಾರ ಇಡ್ದು ಆಕಡೆ ತಿರುಗ್ಸಕ್ಕೆ?"

ಜಗಲಿಯಲ್ಲಿದ್ದವರು ನಕ್ಕರು. ಬಟ್ಟೆ ಹೋದ ಸಂಕಟವನ್ನು ಪಿಳ್ಳಪ್ಪ ಹೇಗೋ ನುಂಗಿಕೊಂಡ. ಆ ನಗು ಮಾತ್ರ ಗಂಟಲಿನಿಂದ ಇಳಿಯಲಿಲ್ಲ. ಮುನಿಕೃಷ್ಣಪ್ಪನಿಗೆ ಅವನದೇ ಹೊಗೆ ಕುಡಿಸಬೇಕು, ಆ ಗೂಡು ಅಲ್ಲಿಂದ ಏಳಬೇಕು. ಪಿಳ್ಳಪ್ಪನಿಗೆ ಬೇರೆ ಯೋಚನೆಯೇ ಇರಲಿಲ್ಲ.

ಮಳೆಗಾಲ ಬಂದು ಗೂಡಿನ ಕೆಲಸ ನಿಂತಿತು. ಪಿಳ್ಳಪ್ಪನಿಗೆ ಊರವರ ಬಟ್ಟೆಯೂ ವೆಂಕಟರಾಮಯ್ಯನವರ ಪಂಚೆಗಳೂ ಉಳಿದವು. ವೆಂಕಟರಾಮಯ್ಯನವರು ಕ್ಯಾಂಪಿನಲ್ಲಿ ಹವಾಮಾನ ನೋಡುವವರು. ದಿನಕ್ಕೆ ಮೂರು ಸಲ ಪಾದರಸದ ಕೊಳವೆ ನೋಡಿ ಅಂಕಿ ಬರೆಯುತ್ತಿದ್ದರು. ವಿವರಿಸುವ ಹುಮ್ಮಸ್ಸು ಅವರಿಗೆ ಬೇಕಾದಷ್ಟಿತ್ತು, ಕೇಳುವವರಿರಲಿಲ್ಲ.

ಚಳಿ ಬಿದ್ದ ಮೇಲೆ ಪಿಳ್ಳಪ್ಪ ಒಂದು ಸಂಶಯ ಕೇಳಿದ. ಬಟ್ಟೆ ಬೇಯಿಸುವ ಒಲೆಯ ಹೊಗೆ ಬೆಳಗಿನ ಹೊತ್ತು ಮೇಲೇರದೆ ನೆಲ ಸವರಿಕೊಂಡು ತಗ್ಗಿಗಿಳಿಯುವುದು ಯಾಕೆ? ವೆಂಕಟರಾಮಯ್ಯನವರು ಪಂಚೆ ಎಣಿಸುವುದನ್ನು ಬಿಟ್ಟು ಕೂತರು. ಗಾಳಿಗೂ ತೂಕವಿದೆ, ಕೊಳವೆಯಲ್ಲಿ ಪಾದರಸವನ್ನು ಎತ್ತಿ ಹಿಡಿದಿರುವುದೇ ಆ ತೂಕ, ಮನುಷ್ಯನ ತಲೆಯ ಮೇಲೂ ಮಣಗಟ್ಟಲೆ ಗಾಳಿ ಕೂತಿದೆ ಎಂದರು.

"ಅದ್ಕೇ ಸ್ವಾಮಿ, ನಮ್ಮಂತೋರು ತಲೆ ಎತ್ತಕ್ಕಾಗ್ದೆ ಇರೋದು."

"ಗೌಡರ ತಲೆ ಮೇಲೂ ಅಷ್ಟೇ ಇದೆ ಕಣಯ್ಯ."

ಪಿಳ್ಳಪ್ಪನಿಗೆ ಇದು ಹೊಸ ಸಮಾಚಾರ. ಮುಂದಿನದು ಇನ್ನೂ ಹೊಸದು. ಮೋಡವಿಲ್ಲದ ರಾತ್ರಿ ನೆಲ ತಣ್ಣಗಾಗುತ್ತದೆ, ನೆಲಕ್ಕಂಟಿದ ಗಾಳಿಯೂ ತಣಿದು ಭಾರವಾಗುತ್ತದೆ. ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಪಾದರಸ ಏರಿ ಗಾಳಿ ಬಿದ್ದುಹೋದ ಬೆಳಗ್ಗೆ ಹೊಗೆ ಆ ಮುಚ್ಚಳದಡಿಯೇ ಸಿಕ್ಕಿಕೊಂಡಿರುತ್ತದೆ, ಬಿಸಿಲು ಬಲಿಯುವ ತನಕ.

ಮುನಿಕೃಷ್ಣಪ್ಪನ ಮನೆ ದಿಣ್ಣೆಯ ಕೆಳಗೆ ತಗ್ಗಿನಲ್ಲಿತ್ತು.

ಮಾಘದಲ್ಲಿ ಅವನ ಮಗಳು ಲಕ್ಷ್ಮಿದೇವಮ್ಮನಿಗೆ ವೀಳ್ಯಶಾಸ್ತ್ರ ಗೊತ್ತಾಯಿತು. ಗಂಡಿನ ಕಡೆಯವರು ಚಿಕ್ಕಜಾಲದವರು. ಮಳೆಗೆ ನಿಂತಿದ್ದ ಗೂಡಿಗೆ ಹೊಸ ಹಂಗಾಮಿನ ಬೆಂಕಿ ಇಡುವುದೂ ಅದೇ ದಿನ ಸಂಜೆಗೆ. ಮಡಿವಾಳನ ಪಂಜಿನಿಂದ ಮೊದಲ ಬೆಂಕಿ ಬೀಳದಿದ್ದರೆ ಇಟ್ಟಿಗೆ ಸೀಳುತ್ತದೆಂದು ಊರ ನಂಬಿಕೆ. ಹೀಗಾಗಿ ಪಿಳ್ಳಪ್ಪನಿಗೇ ಹೇಳಿಕಳಿಸಬೇಕಾಯಿತು. ಅವನು ಬಂದು ಕೈಮುಗಿದು, ಬೆಳಗ್ಗೆ ವೀಳ್ಯಕ್ಕೆ ಇಟ್ಟ ಒಳ್ಳೆಯ ಮುಹೂರ್ತವೇ ಇರುವಾಗ ಸಂಜೆಗೆ ಇನ್ನೊಂದನ್ನು ಯಾಕೆ ಹುಡುಕಬೇಕೆಂದ. ಒಳ್ಳೆಯ ಗಳಿಗೆಯನ್ನೂ ದಂಡಮಾಡದ ಮುನಿಕೃಷ್ಣಪ್ಪ ಒಪ್ಪಿದ.

ಆ ಬೆಳಗ್ಗೆ ಎಲೆ ಅಲುಗುತ್ತಿರಲಿಲ್ಲ. ಪಾದರಸ ಚೆನ್ನಾಗಿ ಏರಿದೆಯೆಂದು ವೆಂಕಟರಾಮಯ್ಯನವರು ಹಿಂದಿನ ದಿನವೇ ಖುಷಿಯಿಂದ ಹೇಳಿದ್ದರು. ಗೂಡಿನ ಬಾಯಿಗಳಿಗೆ ಪಿಳ್ಳಪ್ಪ ಹಸಿ ನೀಲಗಿರಿ ಸೊಪ್ಪು ತುರುಕಿ ಮೇಲೆ ಒಣ ಪುಳ್ಳೆ ಹೊದಿಸುತ್ತಿದ್ದಾಗ ಹೆಂಡತಿ ಲಕ್ಕಮ್ಮ ನೋಡಿದಳು.

"ಆ ಎಣ್ಮಗ ಏನ್ ಮಾಡೈತಯ್ಯ ನಿಂಗೆ?"

"ಅದಕ್ಕಲ್ಲ ಕಣೆ. ಅವ್ರಪ್ಪನ ಜಗ್ಲಿಗೆ."

ಹೊಗೆ ತೆಂಗಿನಮರದೆತ್ತರ ಏರಿ, ಅಲ್ಲಿ ಯಾರೋ ತಡೆದಂತೆ ನಿಂತು, ಚಪ್ಪಟೆಯಾಗಿ ಹರಡಿ ಇಳಿಜಾರು ಹಿಡಿಯಿತು. ವೀಳ್ಯದೆಲೆಯ ತಟ್ಟೆ ಹೊರಗೆ ಬರುವ ಹೊತ್ತಿಗೆ ಅದೂ ಹೊಸ್ತಿಲು ದಾಟಿತ್ತು. ಜಮಖಾನದ ಮೇಲೆ ಸಾಲಾಗಿ ಕೂತಿದ್ದ ಬಿಳಿ ಪೇಟಗಳು ಬೂದಿ ಬಣ್ಣಕ್ಕೆ ತಿರುಗಿದವು. ಅಂದು ಜಗಲಿಯಲ್ಲಿ ನಕ್ಕವರೇ ಇಂದು ಕೆಮ್ಮುವುದರಲ್ಲೂ ಮುಂದಿದ್ದರು. ಮುನಿಕೃಷ್ಣಪ್ಪ ಇದು ದಿನಾ ಹೀಗಿರುವುದಿಲ್ಲವೆಂದು ಹೇಳಹೋಗಿ ಅರ್ಧದಲ್ಲೇ ಕೆಮ್ಮಿದ. ಗಂಡಿನ ತಂದೆ ಶಲ್ಯದಲ್ಲಿ ಕಣ್ಣೊರೆಸಿಕೊಂಡರು.

"ಬೀಗ್ರೇ, ಬಾಣಂತನಕ್ಕೆ ಎಣ್ಣು ಈ ಮನೇಗೇ ತಾನೆ ಬರೋದು? ನಮ್ ಕೂಸೂ ಇದ್ನೇ ಕುಡೀಬೇಕಾ? ಗೂಡು ಎತ್ತಿಸ್ತೀನಿ ಅನ್ನಿ, ಆಮೇಲೆ ಎಲೆ ಮುಟ್ತೀವಿ."

ಮುನಿಕೃಷ್ಣಪ್ಪ ಹೊಗೆಯೊಳಗೆ ಮಗಳ ಮುಖ ಹುಡುಕಿದ. ಆಮೇಲೆ ಜಗಲಿಯ ಕೆಳಗೆ, ಆರಿದ ಪಂಜು ಹಿಡಿದು ನಿಂತಿದ್ದ ಪಿಳ್ಳಪ್ಪನನ್ನು ನೋಡಿದ. ಪಿಳ್ಳಪ್ಪ ಈ ಸಲ ತಲೆ ತಗ್ಗಿಸಲಿಲ್ಲ.

"ಏನ್ಲಾ ಇದು?"

"ಬೆಂಕಿ ಇಡು ಅಂದ್ರಿ, ಇಟ್ಟೆ ಗೌಡ್ರೆ. ಒಗೆ ಯಾಕಿಂಗೆ ಅಂತ ವೆಂಕಟ್ರಾಮಯ್ಯನೋರ್ನ ಕೇಳ್ಬೇಕು. ಓದ್ದೋರು."

ಮುನಿಕೃಷ್ಣಪ್ಪ ತಟ್ಟೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ.

ಶಿವರಾತ್ರಿಯೊಳಗೆ ಗೂಡು ಕೆರೆಯಾಚೆಗೆ ಹೋಯಿತು. ಕ್ಯಾಂಪಿನ ಬಟ್ಟೆ ಪಟ್ಟಣದ ಲಾಂಡ್ರಿಯಲ್ಲೇ ಉಳಿಯಿತು.