ವೀಸಾಕ್ಕೆ ಮೊದಲೇ ಹೇಳಿದ ಸುದ್ದಿ

ಮಂಗಳೂರಿನಲ್ಲಿ ಯಾರಾದರೂ ಪರದೇಶಕ್ಕೆ ಹೊರಟರೆ ಮನೆಯವರ ಮೊದಲ ನಿಯಮ ಒಂದೇ: ವೀಸಾ ಕೈಗೆ ಬರುವ ತನಕ ಪಕ್ಕದ ಮನೆಗೂ ಗೊತ್ತಾಗಬಾರದು. ಯಾಕೆಂದು ಕೇಳಿದರೆ ದೃಷ್ಟಿ ತಾಗುತ್ತದೆ ಎನ್ನುತ್ತಾರೆ. ಆಗದಿದ್ದರೆ ಜನ ನಗುತ್ತಾರೆ ಎಂಬುದೇ ನಿಜವಾದ ಭಯ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕುದ್ರೋಳಿಯಲ್ಲಿ ಟೈಲರ್ ಅಂಗಡಿ ಇಟ್ಟಿರುವ ನಳಿನಾಕ್ಷಿ ಈ ನಿಯಮವನ್ನು ಕಣ್ಣಾರೆ ಕಂಡು ಕಲಿತವಳು. ಅವಳ ತಮ್ಮ ಮುಖೇಶ್ ಹಿಂದೊಮ್ಮೆ ಮಸ್ಕತ್ತಿನಲ್ಲಿ ಕೆಲಸ ಆಯಿತೆಂದು ಬೀದಿಗೆಲ್ಲ ಹೇಳಿ, ಗೆಳೆಯರಿಗೆ ಕೋಳಿರೊಟ್ಟಿಯ ಊಟವನ್ನೂ ಹಾಕಿಸಿದ್ದ. ವೀಸಾ ಬರಲಿಲ್ಲ, ಏಜೆಂಟನೂ ಮಾಯವಾದ. ಆಮೇಲೆ ಎರಡು ವರ್ಷ ಮುಖೇಶ್ ದೊಡ್ಡ ರಸ್ತೆ ಬಿಟ್ಟು ಹಿಂದಿನ ಓಣಿಯಲ್ಲೇ ಓಡಾಡಿದ.

ಹಾಗಾಗಿ ಎಂಎಸ್ಸಿ ಮುಗಿಸಿದ ಮಗಳು ಪ್ರಣೀತಾ, "ಅಮ್ಮಾ, ನನಗೆ ಹೊರದೇಶದಲ್ಲಿ ಪಿಎಚ್‌ಡಿ ಮಾಡ್ಬೇಕು" ಎಂದಾಗ ನಳಿನಾಕ್ಷಿ ಎರಡೇ ಮಾತು ಹೇಳಿದಳು. "ಯಾರಿಗೂ ಹೇಳ್ಬೇಡ. ಒಳ್ಳೆ ಏಜೆಂಟ್ ಒಬ್ಬನನ್ನು ಹುಡುಕುವ."

ಏಜೆಂಟ್ ಸಿಕ್ಕಿದ. ಪಾಸ್‌ಪೋರ್ಟ್ ಮತ್ತು ಅಸಲು ಅಂಕಪಟ್ಟಿಗಳನ್ನು ತೆಗೆದುಕೊಂಡು ಡ್ರಾಯರಿನಲ್ಲಿಟ್ಟ. ಒಂದು ವರ್ಷ ಹಾಗೇ ಕಳೆಯಿತು, ಎಲ್ಲಿಂದಲೂ ಕರೆ ಬರಲಿಲ್ಲ. ಈಗ ಅವನು ಹೊಸ ರಾಗ ತೆಗೆದಿದ್ದ. ಒಂದು ಕಡೆ ಸೀಟು ಖಚಿತ, ಆದರೆ ಫೀಸು ಕಟ್ಟಬೇಕು, ಬ್ಯಾಂಕ್ ಸಾಲಕ್ಕೆ ಸೋಮವಾರ ಮನೆಯ ಪತ್ರ ತರಬೇಕು. ಗಂಡ ತೀರಿಹೋದ ಮೇಲೆ ನಳಿನಾಕ್ಷಿಗೆ ಉಳಿದ ಆಸ್ತಿಯೆಂದರೆ ಆ ಮನೆಯೊಂದೇ. ಶುಕ್ರವಾರವೇ ಪತ್ರವನ್ನು ಕಪಾಟಿನಿಂದ ತೆಗೆದು ಪ್ಲಾಸ್ಟಿಕ್ ಚೀಲದೊಳಗಿಟ್ಟಳು.

ಶನಿವಾರ ಅಂಗಡಿಗೆ ಫಳ್ನೀರಿನ ಫ್ಲಾವಿಯಾ ಬಂದಳು. ಜರ್ಮನಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿ, ತಮ್ಮ ಗೇವಿನ್‌ನ ಮದುವೆಗೆಂದು ಊರಿಗೆ ಬಂದಿದ್ದಳು. ಸೀರೆಗೆ ರವಿಕೆ ಆಗಬೇಕಿತ್ತು. ನಳಿನಾಕ್ಷಿ ತೋಳಿನ ಅಳತೆ ತೆಗೆಯುತ್ತಾ ಏನೂ ಅರಿಯದವಳಂತೆ ಕೇಳಿದಳು.

"ನಮ್ಮ ಗುರ್ತದ ಒಬ್ಬಳು ಹುಡುಗಿ ಇದ್ದಾಳೆ. ಅವಳಿಗೂ ನಿನ್ನ ಹಾಗೆ ಹೋಗ್ಬೇಕಂತೆ. ನೀನು ಎಷ್ಟು ಫೀಸು ಕಟ್ಟಿದ್ದು?"

"ಫೀಸಾ? ನನಗೆ ಅವರೇ ಸಂಬಳ ಕೊಡ್ತಾರೆ ನಳಿನಕ್ಕ."

ಟೇಪು ತೋಳಿನ ಮೇಲೆಯೇ ನಿಂತಿತು. "ಓದ್ಲಿಕ್ಕೆ ಸಂಬಳವಾ? ತಮಾಷೆ ಮಾಡ್ಬೇಡ ಮಾರಾಯ್ತಿ."

"ತಮಾಷೆ ಅಲ್ಲ. ಅಲ್ಲಿ ಪಿಎಚ್‌ಡಿ ಅಂದ್ರೆ ಹೆಚ್ಚಾಗಿ ಒಂದು ಕೆಲಸ. ಪ್ರೊಫೆಸರರ ಸಂಶೋಧನೆಗೆ ಜನ ಬೇಕು, ಕೆಲಸಕ್ಕೆ ಕರೆಯುವ ಹಾಗೇ ಜಾಹೀರಾತು ಹಾಕ್ತಾರೆ. ಅಮೆರಿಕದಲ್ಲಾದ್ರೆ ವಿಜ್ಞಾನದವರಿಗೆ ಹೆಚ್ಚಿನ ಕಡೆ ಫೀಸು ಮಾಫಿ, ಅಲ್ಲಿಯ ಮಕ್ಕಳಿಗೆ ಪಾಠ ಮಾಡಿದ್ರೆ ತಿಂಗಳ ಖರ್ಚಿಗೂ ಕೊಡ್ತಾರೆ. ಎಲ್ಲ ವಿಷಯಕ್ಕೂ ಇಲ್ಲ, ಎಲ್ಲರಿಗೂ ಸಿಗುವುದೂ ಇಲ್ಲ. ಆದ್ರೆ ಸೀಟು ಮಾತ್ರ ಕೊಟ್ಟು ದುಡ್ಡು ನಿಮ್ದೇ ಅಂತ ಹೇಳಿದ್ರೆ ಅವಸರ ಮಾಡ್ಬಾರ್ದು. ಆ ಹುಡುಗಿ ಎಂತ ಓದಿದ್ದು?"

"ನೇತ್ರಾವತಿ ಅಳಿವೆಯ ಮರುವಾಯಿ, ಆ ಚಿಪ್ಪಿನ ಮೀನು. ಅದರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಉಂಟಾ ಅಂತ ನೋಡಿದ್ದು." ನಳಿನಾಕ್ಷಿಗೆ ನಗು ತಡೆಯಲಾಗಲಿಲ್ಲ. "ನಾವು ದುಡ್ಡು ಕೊಟ್ಟು ತಂದು ಸುಕ್ಕ ಮಾಡ್ತೇವೆ. ಅದನ್ನು ನೋಡ್ಲಿಕ್ಕೆ ಜರ್ಮನಿಯವರು ಸಂಬಳ ಕೊಡ್ತಾರಾ?"

"ಕೊಡುವವರು ಇದ್ದಾರೆ. ಅಂಥವರನ್ನು ಹುಡುಕಿ ಅವಳೇ ಇಮೇಲ್ ಮಾಡ್ಬೇಕು. ನಿಮ್ಮ ಈ ಕೆಲಸ ಓದಿದ್ದೇನೆ, ನಾನು ಇಂಥದ್ದು ಮಾಡಿದ್ದೇನೆ, ಜಾಗ ಉಂಟಾ ಅಂತ. ಇದಕ್ಕೆ ಏಜೆಂಟ್ ಬೇಡ. ಮರುವಾಯಿಯ ವಿಷಯ ಏಜೆಂಟನಿಗೆ ಎಂತ ಗೊತ್ತು?"

"ಆದ್ರೆ ಖರ್ಚೇ ಇಲ್ವಾ?"

"ಉಂಟು. ಟಿಕೆಟ್, ವೀಸಾ, ಮೊದಲ ತಿಂಗಳ ಖರ್ಚು, ಕೆಲವು ಕಡೆ ಇಂಗ್ಲಿಷ್ ಪರೀಕ್ಷೆ. ಅರ್ಜಿಯ ಫೀಸು ಕಷ್ಟವಾದ್ರೆ ಮಾಫಿ ಮಾಡಿ ಅಂತ ಬರೆದು ಕೇಳ್ಬಹುದು. ಮನೆಯ ಪತ್ರ ಇಡುವಷ್ಟು ದೊಡ್ಡ ಖರ್ಚು ಇದರಲ್ಲಿ ಎಂತದೂ ಇಲ್ಲ."

ಮನೆಯ ಪತ್ರದ ಮಾತನ್ನು ಫ್ಲಾವಿಯಾ ಸುಮ್ಮನೆ ಆಡಿದ್ದಳು. ನಳಿನಾಕ್ಷಿ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ಆ ಹುಡುಗಿಯ ಟೀಚರುಗಳ ಶಿಫಾರಸು ಪತ್ರ ಆಗಿದೆಯಾ?" ಎಂದು ಫ್ಲಾವಿಯಾ ಕೇಳಿದಳು. "ಎರಡು ಮೂರು ಜನ ಬರೀಬೇಕು. ಅವಳ ಕೆಲಸ ಹತ್ತಿರದಿಂದ ನೋಡಿದವರು."

"ಏಜೆಂಟ್ ತಾನೇ ಬರೆದು ಸೀಲು ಹಾಕಿಸ್ತೇನೆ ಅಂತ ಹೇಳಿದ್ದಾನೆ."

"ಅಯ್ಯೋ ಬೇಡ ನಳಿನಕ್ಕ! ಅದು ಸುಳ್ಳು ಕಾಗದ. ಸಿಕ್ಕಿಬಿದ್ರೆ ಸಿಕ್ಕಿದ ಸೀಟೂ ಹೋಗ್ತದೆ, ಹೆಸರೂ ಹೋಗ್ತದೆ. ಅವಳು ಟೀಚರನ್ನು ಯಾಕೆ ಕೇಳ್ಲಿಲ್ಲ?"

ಮಗಳ ಬಾಯಿಗೆ ಬೀಗ ಹಾಕಿದ್ದು ಯಾರು? ನಳಿನಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಗುರ್ತದ ಹುಡುಗಿ ಅಲ್ಲ ಫ್ಲಾವಿಯಾ. ನನ್ನ ಪ್ರಣೀತಾ. ಯಾರಿಗೂ ಹೇಳ್ಬೇಡ ಅಂತ ನಾನೇ ಹೇಳಿದ್ದು."

"ಅಳತೆ ತೆಗೀವಾಗ್ಲೇ ಗೊತ್ತಾಯ್ತು ನಳಿನಕ್ಕ. ಒಂದೇ ತೋಳನ್ನು ಮೂರು ಸಲ ಅಳೆದ್ರಿ." ಅವಳು ನಳಿನಾಕ್ಷಿಯ ಪಕ್ಕದಲ್ಲೇ ಕುಳಿತಳು. "ಗಲ್ಫಿಗೆ ಹೋಗುವುದು ಗುಟ್ಟಿನಲ್ಲಿ ಆದೀತು. ಇದು ಆಗ್ಲಿಕ್ಕಿಲ್ಲ. ಇದರಲ್ಲಿ ಹತ್ತು ಜನರನ್ನು ಕೇಳ್ಲೇಬೇಕು."

ಆ ಸಂಜೆಯೇ ತಾಯಿ ಮಗಳು ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿಗೆ ಬಸ್ಸಿನಲ್ಲಿ ಹೋದರು. ಪ್ರಣೀತಾಳ ಸಂಶೋಧನೆಗೆ ಮಾರ್ಗದರ್ಶನ ಮಾಡಿದ ಡೈಸಿ ಮೇಡಂ ಮನೆ ಅಲ್ಲೇ. ಬಾಗಿಲಲ್ಲಿ ಪ್ರಣೀತಾಳೇ ತಡವರಿಸುತ್ತಾ ವಿಷಯ ಹೇಳಿದಳು.

ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಹೋದ ವರ್ಷವಿಡೀ ಕಾದೆ ನಾನು. ಇಷ್ಟು ಒಳ್ಳೆ ಕೆಲಸ ಮಾಡಿದವಳು ಪತ್ರ ಕೇಳ್ಲಿಕ್ಕೆ ಬರ್ತಾಳೆ ಅಂತ. ನೀನು ಬರ್ಲೇ ಇಲ್ಲ. ನಿನಗೆ ಆಸಕ್ತಿ ಇಲ್ಲ ಅಂತ ಎಣಿಸಿ, ನನ್ನ ಗುರ್ತದ ಒಬ್ಬರು ಪ್ರೊಫೆಸರ್ ಕೇಳಿದಾಗ ಬೇರೆಯವರ ಹೆಸರು ಕೊಟ್ಟೆ."

ಪ್ರಣೀತಾ ತಾಯಿಯ ಕಡೆ ನೋಡಲಿಲ್ಲ. ನೋಡದೆ ಇದ್ದದ್ದರಿಂದಲೇ ನಳಿನಾಕ್ಷಿಗೆ ಹೆಚ್ಚು ನೋವಾಯಿತು. ಮಗಳಿಗೆ ಯಾರ ದೃಷ್ಟಿಯೂ ತಾಗಿರಲಿಲ್ಲ, ತಾಗಿದ್ದು ತನ್ನ ಹೆದರಿಕೆ ಎಂದು ಅವಳಿಗೆ ಆಗ ಅರ್ಥವಾಯಿತು. "ತಪ್ಪು ನನ್ನದು ಮೇಡಂ. ಈಗ ಬರೆದು ಕೊಡ್ತೀರಾ?" ಎಂದು ಅವಳೇ ಕೇಳಿದಳು. ಮೇಡಂ ಬರೆದರು.

ಸೋಮವಾರ ನಳಿನಾಕ್ಷಿ ಏಜೆಂಟನ ಆಫೀಸಿಗೆ ಹೋದದ್ದು ನಿಜ, ಆದರೆ ಮನೆಯ ಪತ್ರ ಕೊಡುವುದಕ್ಕಲ್ಲ. ಪಾಸ್‌ಪೋರ್ಟ್ ಮತ್ತು ಅಂಕಪಟ್ಟಿ ಕೈಗೆ ಬರುವ ತನಕ ಅವನ ಮುಂದಿನ ಕುರ್ಚಿ ಬಿಟ್ಟು ಏಳಲಿಲ್ಲ. ವಾಪಸು ಬರುವಾಗ ಮೀನಿನವಳಿಗೆ, ಹಾಲಿನ ಬೂತಿನವನಿಗೆ, ಆಟೋ ಸ್ಟ್ಯಾಂಡಿನಲ್ಲಿದ್ದವರಿಗೆಲ್ಲ ತಾನಾಗಿಯೇ ಹೇಳಿದಳು.

"ನಮ್ಮ ಪ್ರಣೀತಾ ಪಿಎಚ್‌ಡಿಗೆ ಅರ್ಜಿ ಹಾಕ್ತಾಳೆ."

"ವೀಸಾ ಆಯ್ತಾ ನಳಿನಕ್ಕ?"

"ಎಂತದೂ ಆಗ್ಲಿಲ್ಲ. ಈಗ ಶುರು ಮಾಡ್ಲಿಕ್ಕೆ ಉಂಟಷ್ಟೇ."

ಪ್ರಣೀತಾ ಹನ್ನೊಂದು ಜನರಿಗೆ ಬರೆದಳು. ಏಳು ಮಂದಿ ಉತ್ತರವನ್ನೇ ಕೊಡಲಿಲ್ಲ, ಇಬ್ಬರು ಜಾಗವಿಲ್ಲ ಎಂದರು, ಒಬ್ಬರು ಇಂಟರ್‌ವ್ಯೂ ಮಾಡಿ ಬೇಡವೆಂದರು. ಅಷ್ಟೂ ಸುದ್ದಿ ಬೀದಿಗೆ ಗೊತ್ತಿತ್ತು. ಯಾರೂ ನಗಲಿಲ್ಲ. ಬೇಡವೆಂದ ಸುದ್ದಿ ಬಂದ ದಿನ ಮುಖೇಶ್ ದೊಡ್ಡ ರಸ್ತೆಯಲ್ಲೇ ನಡೆದು ಬಂದು, "ಬಿಡು ಮಗಾ, ಇನ್ನೊಬ್ಬರದ್ದು ಯಾವಾಗ?" ಎಂದು ಕೇಳಿದ.

ಆ ಇನ್ನೊಬ್ಬರು ಹೂಂ ಎಂದರು. ಸಂಬಳದ ಮೊತ್ತ ಬರೆದ ಒಪ್ಪಂದವೂ ಬಂತು. ಮನೆಯ ಪತ್ರ ಮತ್ತೆ ಕಪಾಟಿನಲ್ಲೇ ಇದೆ.

ಓದುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಕ್ಕಳಿಗೂ ಇಂಥ ಆಸೆ ಇದ್ದರೆ ಗುಟ್ಟು ಮಾಡಬೇಡಿ. ಅವರನ್ನು ಅವರ ಟೀಚರ ಹತ್ತಿರ ಕಳಿಸಿ, ಮೊದಲೇ ಹೋದವರನ್ನು ಕೇಳಲು ಹೇಳಿ. ಅಸಲು ಕಾಗದಗಳನ್ನು ಯಾರ ಡ್ರಾಯರಿಗೂ ಒಪ್ಪಿಸಬೇಡಿ. ಮನೆ ಅಡವಿಡುವ ಮೊದಲು, ಖರ್ಚು ಕೊಡುವವರು ಅಲ್ಲೇ ಇದ್ದಾರೆಯೇ ಎಂದು ಬರೆದು ಕೇಳಿ. ನಗುವವರು ನಗಲಿ. ಕೈ ಹಿಡಿಯಬಲ್ಲವರಿಗೆ ಮೊದಲು ವಿಷಯ ಗೊತ್ತಾಗಲಿ.